ಕಾದ ತಗಡಿಗೆ ಚಮಚ ನೀರು

ಕಿಡಿಯಣ್ಣ ಕೈಯಾರೆ ಮಾಡಿದ ಯಾವ ವಸ್ತುವೂ ಬಾಯಿ ಮುಚ್ಚಿಕೊಂಡು ಇದ್ದದ್ದಿಲ್ಲ. ಮನೆ ಮುಂದಿನ ಗೇಟು ತೆರೆದರೆ ನರಳುತ್ತಿತ್ತು. ಹಿತ್ತಲ ಶೆಡ್ಡಿನ ಶಟರ್ ಎತ್ತಿದರೆ ಬೀದಿಯ ನಾಯಿಗಳೆಲ್ಲ ಎದ್ದು ಕೂತು ಒಂದರ ಮುಖ ಒಂದು ನೋಡುತ್ತಿದ್ದವು. ಇನ್ನು ಹಿತ್ತಲ ನಡುವೆ ನಿಂತಿದ್ದ ಗ್ರಿಲ್ ಇದೆಯಲ್ಲ, ಅದರ ಮುಚ್ಚಳದ ಮಾತು ಬೇರೆಯೇ. ಅದನ್ನು ಎತ್ತಿದರೆ ಬರುತ್ತಿದ್ದ ಸದ್ದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ತಿರುವಿನಲ್ಲಿರುವ ಔಷಧಿ ಅಂಗಡಿಯ ಗಾಜನ್ನು ಮುಟ್ಟಿ ವಾಪಸ್ಸು ಬರುತ್ತಿತ್ತು.

ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ಆಯುಸ್ಸು ಸವೆಸಿದವನು ಅವನು. ಅವನ ಅಂಗಿಗಳೆಲ್ಲ ಕಿಡಿ ಹಾರಿ ಜರಡಿಯಾಗಿರುತ್ತಿದ್ದವು. ಹೊಸ ಅಂಗಿ ತೊಟ್ಟ ದಿನವೂ ಜನ ಅದರಲ್ಲಿ ತೂತು ಹುಡುಕುತ್ತಿದ್ದರು. ಹಾಗಾಗಿ ಕಿಡಿಯಣ್ಣ. ಅವನ ಹೆಂಡತಿಯಾದ ತಪ್ಪಿಗೆ ಅವಳು ಕಿಡಿಯಕ್ಕ. ಅವಳ ಕಡೆಯಿಂದ ಒಂದು ಕಿಡಿ ಹಾರಿದ್ದನ್ನು ಕಂಡವರಿಲ್ಲ. ತಣ್ಣಗಿನ ಜೀವ, ತಣ್ಣಗಿನ ಮಾತು. ಸುತ್ತಿಗೆ, ಗ್ರೈಂಡರು ಎಂದು ಬದುಕಿಡೀ ಗದ್ದಲದೊಳಗೇ ಮುಳುಗಿ ಎದ್ದ ಕಿಡಿಯಣ್ಣನ ಕಿವಿ ಮಂದವಾಗಿತ್ತು. ತನಗೆ ಕೇಳಿಸುವಷ್ಟು ಮಾತಾಡಿದರೆ ಊರಿಗೇ ಕೇಳುತ್ತಿತ್ತು. ಅವನ ಬಳಿ ಗುಟ್ಟು ಹೇಳಿದರೆ ಬೇರೆ ಡಂಗುರ ಬೇಡ ಎನ್ನುವುದು ಪಕ್ಕದ ಮನೆಯ ದರ್ಜಿಯಮ್ಮನ ಮಾತು.

ಗ್ರಿಲ್ ಹುಟ್ಟಿದ್ದು ಕಾರ್ಖಾನೆಯ ಗುಜರಿಯಲ್ಲಿ. ಗಾಳಿ ತುಂಬುವ ಹಳೆಯ ಟ್ಯಾಂಕೊಂದನ್ನು ಬಿಸಾಡಿದ್ದರು. ಅದನ್ನು ಮನೆಗೆ ತಂದು ಕುಂಬಳಕಾಯಿ ಸೀಳಿದಂತೆ ಉದ್ದುದ್ದ ಸೀಳಿ, ಮೇಲಿನ ಹೋಳನ್ನು ಮುಚ್ಚಳ ಮಾಡಿ, ಬಸ್ಸಿನ ಬಾಗಿಲಿನ ಹಿಂಜುಗಳನ್ನು ಬೆಸೆದು, ಸೀಟಿನ ಕಾಲುಗಳ ಮೇಲೆ ನಿಲ್ಲಿಸಿದ್ದ. ಪಕ್ಕೆಯಲ್ಲಿ ಇದ್ದಿಲು ಹಾಕಲು ಒಂದು ಕಿಂಡಿ, ಅದರ ಬಾಗಿಲಿಗೆ ಹಿಂಜಿನ ಬದಲು ಚರ್ಮದ ಪಟ್ಟಿ. ಆ ಸಂಸಾರದಲ್ಲಿ ಸದ್ದಿಲ್ಲದೆ ತೆರೆಯುತ್ತಿದ್ದದ್ದು ಆ ಕಿಂಡಿ ಒಂದೇ. ಒಳಗೆ ಒಂದು ಬದಿಗೆ ಕೆಂಡ, ಇನ್ನೊಂದು ಬದಿಗೆ ಜಾಲರಿಯ ಮೇಲೆ ಮಾಂಸ, ಮಾಂಸದ ಕೆಳಗೆ ಒಂದು ದಪ್ಪ ತಗಡು. ಕೊಬ್ಬು ನೇರ ಕೆಂಡಕ್ಕೆ ಬಿದ್ದರೆ ಉರಿ ಎದ್ದು ಮಾಂಸದ ಮುಖ ಸುಡುತ್ತದೆ. ಕಾದ ತಗಡಿಗೆ ಬಿದ್ದರೆ ಚುಂಯ್ ಎಂದು ಹೊಗೆಯಾಗಿ ತಾನು ಬಿಟ್ಟು ಬಂದ ಪಕ್ಕೆಲುಬಿಗೇ ಮರಳಿ ಹೋಗಿ ಸೇರಿಕೊಳ್ಳುತ್ತದೆ. ಇದು ಅವನೇ ಕಂಡುಕೊಂಡ ಉಪಾಯ.

ಇನ್ನೊಂದು ಕಟ್ಟಳೆ ಇತ್ತು. ಮುಚ್ಚಳ ಹಾಕಿದ ಮೇಲೆ ಪಕ್ಕೆಲುಬು ಬೇಯುವ ತನಕ ಯಾರೂ ತೆರೆಯಕೂಡದು. ಬೆಂದಾಗ ಒಂದೇ ಸಲ ತೆರೆಯುವುದು. ಮುಚ್ಚಳ ಕಿರುಚಿತೆಂದರೆ ಅದೇ ಊಟದ ಕರೆ. ಅವನು ಟೊಮೆಟೊ, ಬೆಲ್ಲ, ವಿನೆಗರ್ ಕುದಿಸಿದ ಗೊಜ್ಜನ್ನು ಬ್ರಷ್ಷಿನಲ್ಲಿ ಬಳಿದು, ಕೆಂಡದ ಮೇಲೆ ಎರಡು ಮಗ್ಗುಲೂ ಬಾಡಿಸಿ ಮುಗಿಸುವ ಹೊತ್ತಿಗೆ ಅಕ್ಕಪಕ್ಕದವರು ತಟ್ಟೆ ಹಿಡಿದು ಹಿತ್ತಲಿಗೆ ಬಂದಿರುತ್ತಿದ್ದರು. ಯಾರನ್ನೂ ಬಾಯಿ ಬಿಟ್ಟು ಕರೆದದ್ದಿಲ್ಲ.

"ಆ ಹಿಂಜಿಗೆ ಒಂದು ತೊಟ್ಟು ಎಣ್ಣೆ ಬಿಡಬಾರದಾ ಭಾವ, ನನ್ನ ಹಲ್ಲೆಲ್ಲ ಜುಮ್ ಅನ್ನುತ್ತೆ" ಎಂದು ಹೆಂಡತಿಯ ತಮ್ಮ ಪ್ರತಿ ಸಲವೂ ಹೇಳುವನು. ಅವನು ಮಾಂಸದಂಗಡಿಯವನು, ಪಕ್ಕೆಲುಬು ಬರುತ್ತಿದ್ದದ್ದು ಅವನ ಅಂಗಡಿಯಿಂದಲೇ.

"ಅದು ಗ್ರಿಲ್ಲಿನ ಗಂಟಲು ಕಣೋ" ಎಂದು ಕಿಡಿಯಣ್ಣ ಪ್ರತಿ ಸಲವೂ ಉತ್ತರಿಸುವನು. "ಗಂಟಲು ಹಿಸುಕಿದರೆ ಊಟಕ್ಕೆ ಕರೆಯೋರು ಯಾರು? ನೀನು ಹೋಗ್ತೀಯಾ ಮನೆ ಮನೆಗೆ?"

ಕಿಡಿಯಣ್ಣನ ತಾಯಿ ಹಾಸಿಗೆ ಹಿಡಿದಾಗ ಇದೆಲ್ಲ ನಿಂತಿತು. ಮುದುಕಿಯ ಎದೆಗೆ ಹೊಗೆ ಒಗ್ಗುತ್ತಿರಲಿಲ್ಲ. ಗ್ರಿಲ್ಲಿಗೆ ಹಳೆಯ ಟಾರ್ಪಾಲು ಹೊದಿಸಿದರು. ಅಮ್ಮನಿಗೆಂದು ಕಿಡಿಯಣ್ಣ ಒಂದು ಕಬ್ಬಿಣದ ಮಂಚ ಮಾಡಿಕೊಟ್ಟ. ಬೀಳದ ಹಾಗೆ ಎರಡು ಬದಿಗೂ ಕಂಬಿ. ಅಮ್ಮನ ಧ್ವನಿ ಉಡುಗಿ ಹೋಗಿತ್ತು. ಕೈಗೊಂದು ಉದ್ದನೆಯ ಸ್ಟೀಲ್ ಚಮಚ ಕೊಟ್ಟಿದ್ದರು. ನೀರು ಬೇಕೆಂದರೆ, ಮಗ್ಗುಲು ಬದಲಿಸಬೇಕೆಂದರೆ, ಏನೂ ಬೇಡವಾಗಿ ಬರೀ ಭಯವಾದರೂ, ಆಕೆ ಚಮಚದಿಂದ ಕಂಬಿಗೆ ಬಡಿಯುತ್ತಿದ್ದಳು. ಟಣ್. ಕಬ್ಬಿಣ ಒಳ್ಳೆಯದು, ಬೆಸುಗೆ ಗಟ್ಟಿ; ಸದ್ದು ಮನೆಯೆಲ್ಲ ತುಂಬುತ್ತಿತ್ತು.

"ಬಂದೆ ಅತ್ತೆ" ಎಂದು ಕಿಡಿಯಕ್ಕ ಏಳುವಳು. ರಾತ್ರಿ ಎಷ್ಟು ಸಲ ಎಂದು ಅವಳೂ ಎಣಿಸಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ಕಿಡಿಯಣ್ಣನ ಮಂದ ಕಿವಿಗೆ ಆ ಟಣ್ ತಲುಪುತ್ತಲೇ ಇರಲಿಲ್ಲ. ಅವನು ತನ್ನ ಗೊರಕೆಯೊಳಗೆ ತಾನು ನೆಮ್ಮದಿಯಾಗಿರುವನು. ಬೆಳಿಗ್ಗೆ ಎದ್ದು, "ಅಮ್ಮ ರಾತ್ರಿ ಚೆನ್ನಾಗಿ ಮಲಗಿದ್ಲು ಅನ್ಸುತ್ತೆ, ಸದ್ದೇ ಇರ್ಲಿಲ್ಲ" ಎನ್ನುವನು. ಕಿಡಿಯಕ್ಕ "ಹೂಂ" ಎಂದು ಒಲೆ ಕಡೆ ತಿರುಗುವಳು.

ಮುದುಕಿ ಒಂದು ಚಳಿಗಾಲದಲ್ಲಿ ಆಸ್ಪತ್ರೆ ಸೇರಿ ಅಲ್ಲೇ ಹೋದಳು. ಮಂಚ ಬಿಚ್ಚಿ ಶೆಡ್ಡಿಗೆ ಸೇರಿಸಿದರು. ಚಮಚ ಅಡುಗೆಮನೆಯ ಡಬ್ಬಿಯಲ್ಲಿ ಬೇರೆ ಚಮಚಗಳ ನಡುವೆ ನಿಂತಿತು. ಎಲ್ಲ ಮೊದಲಿನಂತೆ ಆಯಿತು ಎಂದುಕೊಂಡರೆ, ಕಿಡಿಯಕ್ಕನ ನಿದ್ದೆ ಮಾತ್ರ ಮರಳಿ ಬರಲಿಲ್ಲ.

ರೆಪ್ಪೆಗೆ ರೆಪ್ಪೆ ಕೂಡುವಷ್ಟರಲ್ಲಿ ಕಿವಿಯೊಳಗೆ ಟಣ್. ಎದ್ದು ಕೂರುವಳು. ಖಾಲಿ ಕೋಣೆಗೆ ಹೋಗಿ ದೀಪ ಹಾಕಿ ನೋಡಿ ಬರುವಳು. ಚಳಿ ಹೋಗಿ ಬಿಸಿಲು ಬಂದರೂ ಅದೇ ಪಾಡು. ಮುಖ ಒಗೆದ ಬಟ್ಟೆಯಂತೆ ಬಿಳಿಚಿತು. ಚಹಾಕ್ಕೆ ಉಪ್ಪು ಹಾಕಿದಳು. ಗ್ಯಾಸ್ ಹಚ್ಚದೆ ತಿರುಗಿಸಿಟ್ಟು ಬಟ್ಟೆ ಒಣಹಾಕಲು ಹೋದಳು. ದರ್ಜಿಯಮ್ಮ ಮೂಗಿಗೆ ವಾಸನೆ ಬಡಿದು ಓಡಿ ಬಂದದ್ದರಿಂದ ಮನೆ ಉಳಿಯಿತು. ಡಾಕ್ಟರು ಮಾತ್ರೆ ಕೊಟ್ಟರು. ಅದು ತಲೆಯನ್ನು ಹತ್ತಿ ಮಾಡಿತೇ ಹೊರತು ಕಣ್ಣು ಮುಚ್ಚಿಸಲಿಲ್ಲ. ಕೊನೆಗೆ, "ಎದೆ ಬಡಿತ ತಪ್ಪತಾ ಇದೆ. ಸೋಮವಾರ ಕರ್ಕೊಂಡು ಬನ್ನಿ, ಸೇರಿಸಿಬಿಡೋಣ" ಎಂದರು.

ಅತ್ತೆ ಆ ಆಸ್ಪತ್ರೆಯಿಂದ ನಡೆದು ಬಂದಿರಲಿಲ್ಲ. ಕಿಡಿಯಕ್ಕ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಒಂದು ಬ್ಯಾಗಿಗೆ ಎರಡು ಜೊತೆ ಬಟ್ಟೆ, ಬಾಚಣಿಗೆ, ತನ್ನ ಹಳೆಯ ನೀಲಿ ಹೊದಿಕೆ ತುಂಬಿ ಬಾಗಿಲ ಪಕ್ಕ ಇಟ್ಟಳು. ಆ ಬ್ಯಾಗನ್ನು ಕಂಡಾಗಲೆಲ್ಲ ಕಿಡಿಯಣ್ಣ ದಾರಿ ಬದಲಿಸಿ ಹಿತ್ತಲಿಗೆ ಹೋಗುವನು. ಕಬ್ಬಿಣ ಮುರಿದರೆ ಬೆಸೆಯಬಲ್ಲ. ನಿದ್ದೆ ಮುರಿದರೆ ಎಲ್ಲಿ ಹಿಡಿದು ಬೆಸೆಯುವುದು?

ಭಾನುವಾರ ಬೆಳಿಗ್ಗೆ ಕಿಡಿಯಕ್ಕನ ತಮ್ಮ ಕಾಗದದಲ್ಲಿ ಸುತ್ತಿದ ಹಂದಿಯ ಪಕ್ಕೆಲುಬು ಹೊತ್ತು ಬಂದ. ಎರಡು ಅಗಲವಾದ ಪಟ್ಟಿ.

"ಇದೇನೋ ಇಷ್ಟೊಂದು" ಎಂದ ಕಿಡಿಯಣ್ಣ.

"ನಾಳೆಯಿಂದ ಅಕ್ಕನಿಗೆ ಆಸ್ಪತ್ರೆ ಗಂಜಿ. ಇವತ್ತಾದರೂ ಬಾಯಿಗೆ ರುಚಿ ಕಾಣಲಿ. ನಿನ್ನ ಆ ಕಿರುಚೋ ಡ್ರಮ್ಮು ಇನ್ನೂ ಉಸಿರಾಡುತ್ತಾ, ಇಲ್ಲ ತುಕ್ಕು ತಿಂದು ಹಾಕಿದೆಯಾ?"

"ತುಕ್ಕು ಅದರ ಹತ್ತಿರ ಬರೋಕೆ ಹೆದರುತ್ತೆ" ಎಂದು ಕಿಡಿಯಣ್ಣ ಟಾರ್ಪಾಲು ಎಳೆದ.

ಕೆಲಸ ಕೈಗೆ ಮರೆತಿರಲಿಲ್ಲ. ಪಕ್ಕೆಲುಬಿನ ಒಳಮೈಗೆ ಅಂಟಿರುವ ತೆಳು ಪೊರೆಯನ್ನು ಒಂದು ಮೂಲೆಯಲ್ಲಿ ಎಬ್ಬಿಸಿ, ಜಾರದಂತೆ ಬಟ್ಟೆಯಿಂದ ಹಿಡಿದು ಒಂದೇ ಎಳೆತಕ್ಕೆ ಸುಲಿದ. ಉಪ್ಪು, ಮೆಣಸಿನ ಪುಡಿ, ಕಾಳುಮೆಣಸು, ಪುಡಿ ಬೆಲ್ಲ, ಜಜ್ಜಿದ ಬೆಳ್ಳುಳ್ಳಿ. ಕೂಸಿಗೆ ಎಣ್ಣೆ ತಿಕ್ಕುವಂತೆ ತಿಕ್ಕಿದ. ಇದ್ದಿಲು ಹೊತ್ತಿಸಿ ಬೂದಿಯ ಬಿಳಿ ಹೊದಿಕೆ ಬರುವ ತನಕ ಕಾದ. ಹಣ್ಣಿನ ಮರದ ಒಂದು ತುಂಡನ್ನು ಕೆಂಡದ ಅಂಚಿಗೆ ಒರಗಿಸಿದ. ಮಾಂಸ ಜಾಲರಿಗೇರಿತು. ತೆರೆದೇ ಇದ್ದ ಮುಚ್ಚಳವನ್ನು ಇಳಿಸಿದಾಗ ಅದು ಒಮ್ಮೆ ಕಿರುಚಿ ಸುಮ್ಮನಾಯಿತು. ಮೂರು ಮನೆಯಾಚೆ ಯಾರೋ, "ಓ, ಕಿಡಿಯಣ್ಣ ಇವತ್ತು ಹಚ್ಚಿದ" ಎಂದರು.

ಹಿತ್ತಲ ಗೋಡೆಗೆ ತಾಗಿ, ಮಲಗುವ ಕೋಣೆಯ ಕಿಟಕಿಯ ಕೆಳಗೆ, ಹಳೆಯ ಬಸ್ಸೊಂದರ ಇಬ್ಬರು ಕೂರುವ ಸೀಟಿತ್ತು. ಕಿಟಕಿ ಪಕ್ಕದ ಜಾಗ ಯಾವಾಗಲೂ ಕಿಡಿಯಕ್ಕನದು. ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿ, "ಎರಡು ನಿಮಿಷ ಕೂತು ಹೋಗ್ತೀನಿ, ಗೊಜ್ಜು ಒಲೆ ಮೇಲಿದೆ" ಎಂದು ಕೂತಳು.

ಹೊಗೆ ತೆಳ್ಳಗೆ, ನೀಲಿಯಾಗಿ ಏಳುತ್ತಿತ್ತು. ಗಾಳಿ ಇರಲಿಲ್ಲ. ಅದು ಎದ್ದು, ಯಾವ ದಾರಿ ಎಂದು ಯೋಚಿಸುತ್ತ ನಿಂತು, ಒಣಹಾಕಿದ ಬಟ್ಟೆಗಳ ನಡುವೆ ನುಸುಳಿ ಗೋಡೆಯ ಮೇಲೆ ಕೂರುತ್ತಿತ್ತು. ಬಿಸಿಲು ಹೊಗೆಯೊಳಗೆ ಕರಗಿ ಹಾಲಿನಂತೆ ಆಗಿತ್ತು. ಮೊದಲ ಕೊಬ್ಬು ತಗಡಿಗೆ ಬಿತ್ತು. ಚುಂಯ್. ಸ್ವಲ್ಪ ಬಿಟ್ಟು ಇನ್ನೊಂದು.

"ಈ ಸದ್ದು ಕೇಳಿ ಎಷ್ಟು ಕಾಲ ಆಯ್ತು" ಎಂದಳು ಕಿಡಿಯಕ್ಕ.

"ಯಾವ ಸದ್ದು?" ಎಂದ ಕಿಡಿಯಣ್ಣ. ಅವನಿಗೆ ಅದು ಎಂದೂ ಕೇಳಿಸಿದ್ದಿಲ್ಲ.

ತಿರುಗಿ ನೋಡಿದರೆ ಅವಳ ತಲೆ ಗೋಡೆಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕೈ ಮಡಿಲಲ್ಲಿ ಅಂಗಾತ, ಯಾರಾದರೂ ಏನಾದರೂ ಇಡಲಿ ಎನ್ನುವಂತೆ ಬಿದ್ದಿತ್ತು. ಕಿಡಿಯಣ್ಣ ಉಸಿರಿದೆಯೋ ಇಲ್ಲವೋ ಎಂದು ಹತ್ತಿರ ಹೋಗಿ ಬಗ್ಗಿ ನೋಡಿದ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅವಳು ನಿದ್ದೆ ಮಾಡುತ್ತಿದ್ದಳು.

ಅಡುಗೆಮನೆಯಿಂದ ತಮ್ಮ, "ಭಾವ, ಈ ಗೊಜ್ಜು ಇಳಿಸ..." ಎನ್ನುತ್ತ ಬಂದ. ಕಿಡಿಯಣ್ಣ ಬಾಯಿಗೆ ಬೆರಳಿಟ್ಟ. ಕಿಡಿಯಣ್ಣ ಯಾರಿಗಾದರೂ ಸುಮ್ಮನಿರು ಎಂದದ್ದನ್ನು ತಮ್ಮ ಆ ಜನ್ಮದಲ್ಲಿ ಕಂಡಿರಲಿಲ್ಲ. ಗರ ಬಡಿದವನಂತೆ ನಿಂತ. ಆಮೇಲೆ ಸೀಟಿನ ಕಡೆ ನೋಡಿದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ.

"ನಿಜವಾಗಿ ಮಲಗಿದ್ದಾಳಾ?" ಎಂದು ಪಿಸುಗುಟ್ಟಿದ.

"ಏನು?" ಎಂದ ಕಿಡಿಯಣ್ಣ, ಪಿಸುಮಾತು ಕೇಳಿಸದೆ.

ತಮ್ಮ ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದ.

ಹಾಗೆ ಶುರುವಾಯಿತು ಆ ಮಧ್ಯಾಹ್ನ. ಪಕ್ಕದ ಮನೆಯಲ್ಲಿ ದರ್ಜಿಯಮ್ಮನ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. ಕಾಂಪೌಂಡಿನ ಮೇಲಿಂದ ತಮ್ಮ ಕೈಸನ್ನೆ ಮಾಡಿದ. ದರ್ಜಿಯಮ್ಮ ಕನ್ನಡಕ ಹಣೆಗೇರಿಸಿ ನೋಡಿದಳು, ಅರ್ಥವಾಯಿತು, ಯಂತ್ರದ ಮೇಲಿಂದ ಕಾಲು ತೆಗೆದಳು. ಉಳಿದ ಹೊಲಿಗೆಯನ್ನು ಸೂಜಿಯಲ್ಲಿ ಕೈಯಿಂದಲೇ ಹಾಕುತ್ತ ತನ್ನ ಬಾಗಿಲಲ್ಲಿ ಕೂತಳು. ಮದುವೆಯಾಗಿ ಹೋಗಿದ್ದ ಕಿಡಿಯಣ್ಣನ ಮಗಳು ಅಮ್ಮನನ್ನು ನೋಡಲು ಬಂದಳು, ಅವಳಿಗೆ ಗೇಟಿನ ನರಳಾಟ ಗೊತ್ತು, ಮುಂದಿನ ಕಿಟಕಿಯಲ್ಲಿ ಬಾಯಿಗೆ ಬೆರಳಿಟ್ಟ ಅಪ್ಪ ಕಂಡದ್ದೇ ಸೀರೆ ಮೇಲೆತ್ತಿ ಕಟ್ಟಿ ಕಾಂಪೌಂಡು ಹತ್ತಿ ಇಳಿದಳು. ಅಮ್ಮನ ಎದುರು ನೆಲದ ಮೇಲೆ ಕೂತು, ಬಹಳ ಹೊತ್ತು ಬರೀ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡಳು.

ಊಟದ ಹೊತ್ತು ಬಂತು. ಪಕ್ಕೆಲುಬು ಹದಕ್ಕೆ ಬರುತ್ತಿತ್ತು. ಅದು ಕಿಡಿಯಣ್ಣನಿಗೆ ಮೂಗಿನಿಂದ ತಿಳಿಯುತ್ತಿತ್ತು: ಮೊದಲು ಬೆಳ್ಳುಳ್ಳಿ, ಆಮೇಲೆ ಬೆಲ್ಲ ಕಂದುವ ವಾಸನೆ, ಕೊನೆಗೆ ಹೆಸರಿಲ್ಲದ ಒಂದು ವಾಸನೆ, ಹಸಿವಿಗೇ ವಾಸನೆ ಇದ್ದರೆ ಹಾಗಿರುತ್ತಿತ್ತು. ಈಗ ಮುಚ್ಚಳ ತೆರೆಯಬೇಕು. ತೆರೆದರೆ ಅದು ಕಿರುಚುತ್ತದೆ.

"ಎಣ್ಣೆ" ಎಂದು ತಮ್ಮ ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದ. "ಇಷ್ಟು ವರ್ಷ ಬಡ್ಕೊಂಡೆ."

ಎಣ್ಣೆ ಡಬ್ಬಿ ಶೆಡ್ಡಿನಲ್ಲಿತ್ತು. ಶೆಡ್ಡಿನ ಶಟರ್ ಎತ್ತುವುದೆಂದರೆ ಮುಚ್ಚಳಕ್ಕಿಂತ ದೊಡ್ಡ ರಾದ್ಧಾಂತ. ಮಗಳು ಅಡುಗೆಮನೆಯಿಂದ ಅಡುಗೆ ಎಣ್ಣೆಯನ್ನೇ ಬಟ್ಟಲಲ್ಲಿ ತಂದಳು. ಕಿಡಿಯಣ್ಣ ಬೆರಳಿನಿಂದ ಹಿಂಜಿಗೆ ಸವರಿದ. ಬಿಸಿ ಕಬ್ಬಿಣದ ಮೇಲೆ ಎಣ್ಣೆ ಹೊಗೆಯಾಡಿ ಒಣಗಿತು. ಉಸಿರು ಬಿಗಿಹಿಡಿದು ಹಿಡಿಕೆಯನ್ನು ಕೂದಲೆಳೆಯಷ್ಟು ಎತ್ತಿದ. ಮುಚ್ಚಳ ಕ್ ಎಂದಿತು, ಬಿಕ್ಕುವ ಮೊದಲು ಮಗು ಎಳೆಯುವ ಉಸಿರಿನಂತೆ. ಸೀಟಿನಲ್ಲಿ ಕಿಡಿಯಕ್ಕನ ಹುಬ್ಬು ಗಂಟಿಕ್ಕಿತು. ಮೂವರೂ ಕಲ್ಲಾದರು. ಹುಬ್ಬು ಸಡಿಲವಾಯಿತು. ಕಿಡಿಯಣ್ಣ ಹಿಡಿಕೆಯನ್ನು ಇದ್ದಲ್ಲೇ ಬಿಟ್ಟ.

"ಇರಲಿ ಬಿಡು" ಎಂದು ತುಟಿಯಲ್ಲೇ ಹೇಳಿದ.

"ಮಾಂಸ?" ಎಂದು ಕೈಸನ್ನೆಯಲ್ಲೇ ತಮ್ಮ ಕೇಳಿದ.

ಕಿಡಿಯಣ್ಣ ಕೈ ಒದರಿದ. ಹೋದರೆ ಹೋಗಲಿ.

ಮಾಂಸದಂಗಡಿಯವನ ಕರುಳು ಚುರ್ ಎಂದಿರಬೇಕು. ಅಂಥ ಪಕ್ಕೆಲುಬು ವಾರಕ್ಕೊಮ್ಮೆ ಸಿಗುವಂಥದ್ದಲ್ಲ. ಆದರೂ ಅವನು ಅಕ್ಕನನ್ನು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟ, ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

ಕಿಡಿಯಣ್ಣ ಗ್ರಿಲ್ಲಿನ ತಳದಲ್ಲಿದ್ದ ಗಾಳಿ ತೂತನ್ನು ಕಿರಿದು ಮಾಡಿ ಕೆಂಡವನ್ನು ಮಂದಗೊಳಿಸಿದ. ಮಾಂಸ ಸುಡದಿರಲಿ ಎಂದು ಅವನ ಲೆಕ್ಕ. ಸ್ವಲ್ಪ ಹೊತ್ತಿಗೆ ಸೀಟಿನಲ್ಲಿ ಕಿಡಿಯಕ್ಕ ತಲೆ ಹೊರಳಿಸಿದಳು. ಬೆರಳುಗಳು ಮಡಿಲಲ್ಲಿ ಏನನ್ನೋ ಹುಡುಕಿದವು. ಮಗಳು ಗಾಬರಿಯಾಗಿ ಅಪ್ಪನ ಬಳಿ ಬಂದು ಕಿವಿಯಲ್ಲಿ ಹೇಳಿದಳು:

"ಅಪ್ಪಾ, ಆ ಸದ್ದು ನಿಂತುಹೋಯ್ತು. ಒಳಗೆ ತೊಟ್ಟಿಕ್ಕುತ್ತಿತ್ತಲ್ಲ, ಚುಂಯ್ ಅಂತ. ಅದು ನಿಂತ ಮೇಲೇ ಅಮ್ಮ ಹೊರಳಾಡ್ತಿರೋದು."

ಕಿಡಿಯಣ್ಣ ಇದ್ದಿಲ ಕಿಂಡಿ ತೆರೆದು ಕಿವಿಯನ್ನು ಅದರ ಹತ್ತಿರ ಒಯ್ದ. ಬಿಸಿ ಕೆನ್ನೆಗೆ ರಾಚಿತು. ಒಳಗೆ ಮೌನ. ಕೊಬ್ಬೆಲ್ಲ ಇಳಿದು ಮುಗಿದಿತ್ತು. ಅವನು ಅತ್ತಿತ್ತ ನೋಡಿದ. ಮೇಜಿನ ಮೇಲೆ, ಗೊಜ್ಜು ಕದಡಲೆಂದು ತಮ್ಮ ತಂದಿಟ್ಟ ಉದ್ದನೆಯ ಚಮಚವಿತ್ತು, ಪಕ್ಕದಲ್ಲಿ ನೀರಿನ ಚೊಂಬು. ಕೆಂಡಕ್ಕೆ ಎರಡು ಹಿಡಿ ಇದ್ದಿಲು ಇಟ್ಟು, ಗಾಳಿ ಬಿಟ್ಟು, ಚಮಚದಲ್ಲಿ ನೀರು ತೆಗೆದುಕೊಂಡು, ಕಿಂಡಿಯೊಳಗೆ ಕೈ ತೂರಿಸಿ ತಗಡಿನ ಮೇಲೆ ಒಂದು ಹನಿ ಬಿಟ್ಟ.

ಚುಂಯ್.

ಈ ಸಲ ಅದು ಅವನಿಗೂ ಕೇಳಿಸಿತು. ಇಷ್ಟು ವರ್ಷ ತನ್ನ ಗ್ರಿಲ್ಲು ಇಷ್ಟು ಮೆಲ್ಲಗೂ ಮಾತಾಡುತ್ತಿತ್ತೇ ಎಂದು ಬೆರಗಾದ. ಇನ್ನೊಂದು ಹನಿ ಬಿಟ್ಟ. ಮಗಳು ಅಮ್ಮನ ಕಡೆ ನೋಡಿ, ಬಿಡುತ್ತಲೇ ಇರು ಎಂದು ಸನ್ನೆ ಮಾಡಿದಳು. ಕಿಡಿಯಕ್ಕನ ಬೆರಳುಗಳು ಮತ್ತೆ ಅಂಗಾತ ಬಿಚ್ಚಿಕೊಂಡವು.

ಕಿಡಿಯಣ್ಣ ಒಂದು ಬಣ್ಣದ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತ. ಹನಿ, ಹನಿ, ಹನಿ. ಬಹಳ ಬೇಗ ಬಿಟ್ಟರೆ ಕೊಬ್ಬಿನ ಸದ್ದಾಗುವುದಿಲ್ಲ, ಗಡಿಬಿಡಿಯಾಗುತ್ತದೆ. ತಡವಾದರೆ ಅವಳ ರೆಪ್ಪೆ ಅದುರುತ್ತದೆ. ನಡುವಿನ ಹದವೊಂದಿತ್ತು. ವೆಲ್ಡಿಂಗ್ ಮಾಡುವಾಗ ಕಡ್ಡಿಯನ್ನು ಎಳೆಯುವ ವೇಗ ಹೇಗೆ ಕೈಗೇ ಗೊತ್ತಾಗುವುದೋ ಹಾಗೆ ಇದೂ ಕೈಗೆ ಹತ್ತಿತು. ಆವಿ ಮುಖಕ್ಕೆ ಬಂದು ಹುಬ್ಬಿನಿಂದ ಹನಿಯಾಗಿ ಇಳಿಯುತ್ತಿತ್ತು. ಮಗಳು ಚೊಂಬು ತುಂಬಿಸಿ ತಂದಿಟ್ಟಳು. ಬಿಸಿಲು ಗೋಡೆಯಿಂದ ಇಳಿದು ನೆಲದ ಮೇಲೆ ಹರಡಿ, ನಿಧಾನವಾಗಿ ಸೀಟಿನ ಕಾಲು ಹತ್ತಿತು. ಹೊಗೆ, ಆವಿ, ಬಿಸಿಲು ಬೆರೆತು ಹಿತ್ತಲೇ ನೀರಿನೊಳಗೆ ಮುಳುಗಿದಂತೆ ಇತ್ತು. ತಂತಿಯ ಮೇಲಿನ ಬಟ್ಟೆಗಳು ಅದರೊಳಗೆ ಮೀನಿನಂತೆ ಅಲುಗುತ್ತಿದ್ದವು.

ತಟ್ಟೆ ಹಿಡಿದ ಜನ ಬರತೊಡಗಿದರು. ಬೆಳಿಗ್ಗೆ ಮುಚ್ಚಳ ಇಳಿದದ್ದನ್ನು ಕೇಳಿದ್ದರು, ಮತ್ತೆ ಏಳುವುದನ್ನು ಕಾದು ಕಾದು ಹೊಟ್ಟೆ ತಾಳ ಹಾಕುತ್ತಿತ್ತು. ಕಾಂಪೌಂಡಿನ ಮೇಲೆ ಇಣುಕಿದವರಿಗೆಲ್ಲ ದರ್ಜಿಯಮ್ಮ ಬೆರಳು ತೋರಿಸಿ ಬಾಯಿಗೆ ಬೀಗ ಹಾಕಿಸಿದಳು. ಕಿಡಿಯಕ್ಕನ ನಿದ್ದೆಯ ಕಥೆ ಬೀದಿಗೆಲ್ಲ ಗೊತ್ತಿತ್ತು. ಯಾರೂ ತಿರುಗಿ ಹೋಗಲಿಲ್ಲ, ಗೇಟು ಮುಟ್ಟದೆ ಕಾಂಪೌಂಡು ಹತ್ತಿ ಇಳಿದರು. ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗದಂತೆ ಎದೆಗವಚಿಕೊಂಡು ಗೋಡೆಯುದ್ದಕ್ಕೂ ಕೂತರು, ಬಸ್ಸಿಗೆ ಕಾಯುವವರಂತೆ. ಬಸ್ಸಿನ ಸೀಟಿನಲ್ಲಿದ್ದದ್ದು ಒಬ್ಬಳೇ. ಅವಳು ಎಲ್ಲೋ ದೂರ ಹೊರಟು ಹೋಗಿದ್ದಳು.

ಔಷಧಿ ಅಂಗಡಿಯವನು ಕಿಡಿಯಣ್ಣನ ಕೈಯನ್ನೇ ನೋಡಿ, "ಏನ್ ಮಾಡ್ತಿದಾನೆ ಅವನು?" ಎಂದು ದರ್ಜಿಯಮ್ಮನ ಕಿವಿಯಲ್ಲಿ ಕೇಳಿದ.

"ಹೆಂಡತಿಗೆ ಲಾಲಿ ಹಾಡ್ತಿದಾನೆ" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. "ಸುಮ್ನೆ ಕೂತ್ಕೊ. ನಿನ್ನ ಮಾತ್ರೆ ಮಾಡದ ಕೆಲಸ ಅದು."

ಹೊತ್ತು ವಾಲಿತು. ಕಿಡಿಯಣ್ಣನ ತೋಳು ಮರಗಟ್ಟಿತು. ಬೆರಳಿಗೆ ಚಮಚ ಇದೆಯೋ ಇಲ್ಲವೋ ತಿಳಿಯದಾಯಿತು. ಅದೇ ಹೊತ್ತಿಗೆ ಕೈ ಒಂದು ಚೂರು ತಪ್ಪಿತು. ಚಮಚದ ತುದಿ ಕಿಂಡಿಯ ಅಂಚಿಗೆ ತಾಗಿತು.

ಟಣ್.

ಆಗ ಅವನು ಚಮಚವನ್ನು ನೋಡಿದ. ಉದ್ದನೆಯ ಹಿಡಿಕೆ, ತುದಿಯಲ್ಲಿ ಬಡಿದು ಬಡಿದು ಆದ ತಗ್ಗು. ಅಮ್ಮನ ಚಮಚ. ಮಧ್ಯಾಹ್ನವೆಲ್ಲ ಕೈಯಲ್ಲಿ ಹಿಡಿದಿದ್ದದ್ದು ಅದೇ.

ಸೀಟಿನಲ್ಲಿ ಕಿಡಿಯಕ್ಕ ಕಣ್ಣು ಮುಚ್ಚಿದಂತೆಯೇ ನೆಟ್ಟಗಾದಳು. ಒಂದು ಕೈ ಹಿಡಿಕೆ ಹುಡುಕಿತು. ಪಾದಗಳು ನೆಲ ಹುಡುಕಿದವು.

"ಬಂದೆ ಅತ್ತೆ" ಎಂದಳು.

ಗೋಡೆಯುದ್ದಕ್ಕೂ ಕೂತವರು ಉಸಿರು ಹಿಡಿದರು. ಕಿಡಿಯಕ್ಕನ ತಮ್ಮ ಮುಖ ಮುಚ್ಚಿಕೊಂಡ. ಕಿಡಿಯಣ್ಣ ಆ ಎರಡು ಪದಗಳನ್ನು ಕೇಳಿದ್ದು ಅದೇ ಮೊದಲು. ಅವಳು ಎಷ್ಟು ರಾತ್ರಿ, ಎಷ್ಟು ಸಲ ಹಾಗೆ ಎದ್ದಿರಬೇಕು ಎನ್ನುವುದು ಒಟ್ಟಿಗೇ ಬಂದು ಅವನ ಮೇಲೆ ಕುಸಿಯಿತು. ಎದ್ದು ಬರಿಗಾಲಲ್ಲಿ ಸೀಟಿನ ಬಳಿ ಹೋದ. ಮೆಲ್ಲಗೆ ಮಾತಾಡುವುದು ಹೇಗೆಂದು ಗೊತ್ತಿಲ್ಲದವನು, ಬಾಯಿಯಲ್ಲಿ ಗಾಳಿಯಷ್ಟೇ ಇಟ್ಟುಕೊಂಡು ಹೇಳಿದ:

"ನೀನು ಮಲ್ಕೋ. ಏಳಬೇಡ. ನಾನು ನೋಡ್ಕೋತೀನಿ."

ಕಿಡಿಯಕ್ಕ ಆ ಮಾತನ್ನು ಎಲ್ಲಿಂದಲೋ ಕೇಳಿಸಿಕೊಂಡಂತೆ ತಲೆ ವಾಲಿಸಿದಳು. "ಹೂಂ" ಎಂದಳು. ಕೈ ಸಡಿಲಿತು. ಗೋಡೆಗೆ ಒರಗಿ, ಮೊದಲಿಗಿಂತ ಆಳಕ್ಕೆ ಇಳಿದುಹೋದಳು.

ಕಿಡಿಯಣ್ಣ ಮತ್ತೆ ಬಂದು ಡಬ್ಬದ ಮೇಲೆ ಕೂತ. ಚಮಚದ ತುದಿಗೆ ಬಟ್ಟೆ ಸುತ್ತಿದ. ಹನಿ ಬಿಟ್ಟ.

ಬಿಸಿಲು ಕೆಂಪಾಗಿ ಅವಳ ಮುಖಕ್ಕೆ ತಲುಪಿದಾಗ ಅವಳೇ ಎಚ್ಚರವಾದಳು. ಯಾರೂ ಎಬ್ಬಿಸಲಿಲ್ಲ. ಕಣ್ಣು ಬಿಟ್ಟು, ಗೋಡೆಯುದ್ದಕ್ಕೂ ತಟ್ಟೆ ಅವಚಿ ಕೂತ ಬೀದಿಯನ್ನೆಲ್ಲ ನೋಡಿದಳು. ಚಪ್ಪಲಿ ಹಿಡಿದ ತಮ್ಮನನ್ನು ನೋಡಿದಳು. ಹುಬ್ಬಿನಿಂದ ನೀರಿಳಿಸಿಕೊಂಡು ಕೂತ ಗಂಡನನ್ನು ನೋಡಿದಳು.

"ಮಳೆ ಬಂತಾ?" ಎಂದು ಕೇಳಿದಳು.

"ಇಲ್ವಲ್ಲಾ" ಎಂದ ಕಿಡಿಯಣ್ಣ. ತನ್ನ ಧ್ವನಿ ತನಗೇ ದೊಡ್ಡದೆನಿಸಿತು.

"ಏನೋ ತೊಟ್ಟಿಕ್ಕತಾ ಇತ್ತು." ಅವಳು ಕಣ್ಣುಜ್ಜಿಕೊಂಡಳು. "ಅತ್ತೆ ಬಂದಿದ್ರು ಕನಸಲ್ಲಿ. ಚಮಚ ಬಡಿದ್ರು. ನಾನು ಏಳೋಕೆ ಹೋದೆ. ಬೇಡ, ನೀನು ಮಲ್ಕೋ, ನಾನು ನೋಡ್ಕೋತೀನಿ ಅಂದ್ರು."

ಮಗಳು ಅಪ್ಪನ ಕಡೆ ನೋಡಿದಳು.

"ಧ್ವನಿ ಮಾತ್ರ ಒರಟಾಗಿತ್ತು" ಎಂದಳು. "ಶೀತ ಆಗಿತ್ತೇನೋ ಪಾಪ."

ದರ್ಜಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಿಡಿಯಣ್ಣ ಚಮಚವನ್ನು ಬಟ್ಟೆಯ ಸಮೇತ ಬೆನ್ನ ಹಿಂದೆ ಹಿಡಿದುಕೊಂಡ. ಹೇಳಬೇಕೆನಿಸಲಿಲ್ಲ. ಅಮ್ಮನ ಹೆಸರಿನಲ್ಲೇ ಇರಲಿ. ಅವಳಿಗೆ ಆ ಮಾತು ಬರಬೇಕಾದದ್ದು ಅಲ್ಲಿಂದಲೇ.

"ಗೊಜ್ಜು" ಎಂದು ಕಿಡಿಯಕ್ಕ ಒಮ್ಮೆಲೇ ಎದ್ದಳು. "ಒಲೆ ಮೇಲೆ ಗೊಜ್ಜಿಟ್ಟಿದ್ದೆ. ಎಲ್ಲ ಉಪವಾಸ ಕೂತಿದೀರಾ? ಮುಚ್ಚಳ ಯಾಕೆ ತೆರೆದಿಲ್ಲ?" ಯಾರೂ ಉತ್ತರ ಕೊಡುವ ಮೊದಲೇ ತಾನೇ ಹೋಗಿ ಬಟ್ಟೆ ಹಿಡಿದು ಮುಚ್ಚಳ ಎತ್ತಿದಳು. ಮಧ್ಯಾಹ್ನವೆಲ್ಲ ಗಂಟಲಲ್ಲಿ ಅದುಮಿಟ್ಟುಕೊಂಡಿದ್ದನ್ನು ಅದು ಒಟ್ಟಿಗೇ ಬಿಟ್ಟಿತು. ಗೋಡೆಯುದ್ದಕ್ಕೂ ತಟ್ಟೆಗಳು ಗಲಗಲ ಎಂದವು. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು.

ಆವಿ ಚದುರಿದಾಗ ಪಕ್ಕೆಲುಬು ಕಂಡಿತು. ಸುಟ್ಟಿರಲಿಲ್ಲ. ಗಂಟೆಗಟ್ಟಲೆ ಆವಿ ಕುಡಿದು ಮೆತ್ತಗಾಗಿ, ಮಾಂಸ ಎಲುಬನ್ನು ಬಿಟ್ಟು ಜಾಲರಿಯ ಮೇಲೆ ಮಲಗಿತ್ತು. ಎತ್ತಲು ಹೋದರೆ ಎಲುಬು ಮಾತ್ರ ಕೈಗೆ ಬಂತು, ಒರೆಯಿಂದ ಕತ್ತಿ ಬಂದಂತೆ. ಬ್ರಷ್ಷಿನಲ್ಲಿ ಗೊಜ್ಜು ಬಳಿಯುವುದೆಲ್ಲಿ ಬಂತು. ಪಾತ್ರೆಗೆ ಹಾಕಿ ಕಲಸಿ, ಬ್ರೆಡ್ಡಿನ ಜೊತೆ ಚಮಚದಲ್ಲಿ ಬಡಿಸಬೇಕಾಯಿತು.

"ಪಕ್ಕೆಲುಬು ಅಂದರೆ ಎಲುಬನ್ನ ಹಿಡ್ಕೊಂಡಿರಬೇಕು, ಹಲ್ಲಿಗೆ ಮಾತ್ರ ಬಿಡಬೇಕು" ಎಂದು ತಟ್ಟೆ ನೋಡಿ ತಮ್ಮ ಗೊಣಗಿದ. "ಇದಕ್ಕೆ ಹಲ್ಲೇ ಬೇಡ. ನನ್ನ ಅಂಗಡಿ ಹೆಸರು ಹೇಳಬೇಡಿ ಯಾರಿಗೂ."

"ಮೂರನೇ ಸಲ ಹಾಕಿಸ್ಕೋತಿದೀಯ" ಎಂದಳು ಮಗಳು.

"ಹಸಿವು ಕಣಮ್ಮ. ಹಸಿವಿಗೆ ಮಾನ ಇಲ್ಲ."

ಕಿಡಿಯಕ್ಕ ಸೀಟಿನ ಮೇಲೆ ಕೂತು ನಿಧಾನವಾಗಿ ಉಂಡಳು. ಬೆರಳು ಚೀಪಿದಳು. "ಅತ್ತೆಗೆ ಇಷ್ಟ ಆಗ್ತಿತ್ತು" ಎಂದಳು. "ಅವರ ಬಾಯಿಗೆ ಇದೇ ಹದ. ಮೊದಲೇ ಯಾಕೆ ಹೀಗೆ ಮಾಡ್ಲಿಲ್ಲ ನೀವು?"

"ಗೊತ್ತಿರ್ಲಿಲ್ಲ" ಎಂದ ಕಿಡಿಯಣ್ಣ.

ಜನ ತಟ್ಟೆ ತೊಳೆದುಕೊಂಡು ಹೋದರು. ಗೇಟು ಪ್ರತಿಯೊಬ್ಬರಿಗೂ ಒಂದೊಂದು ನರಳಾಟ ನರಳಿತು. ದೀಪ ಹಚ್ಚುವ ಹೊತ್ತು. ಕಿಡಿಯಕ್ಕ ಬಾಯಿ ತುಂಬ ಆಕಳಿಸಿದಳು, ನಾಚಿ ಕೈ ಅಡ್ಡ ಹಿಡಿದಳು.

"ಇಷ್ಟು ಮಲಗಿದ್ದೀನಿ, ಆದರೂ ಕಣ್ಣು ಎಳೀತಾ ಇದೆ ರೀ."

"ಎಳೆದರೆ ಹೋಗು ಅದರ ಹಿಂದೆ. ನಾಳೆ ಡಾಕ್ಟರ ಹತ್ತಿರ ಹೋಗೋಣ, ಎದೆ ತೋರಿಸಿ ಬರೋಣ. ತೋರಿಸಿ ಬರೋದಷ್ಟೇ."

ಅವಳು ಒಳಗೆ ಹೋದಳು. ಬಾಗಿಲ ಪಕ್ಕದಲ್ಲಿ ಬ್ಯಾಗಿನ ಜಿಪ್ಪು ಎಳೆದದ್ದು ಮಗಳು ಕಂಡು ಬಂದು ಹೇಳಿದಳು. ಅಮ್ಮ ಅದರಿಂದ ನೀಲಿ ಹೊದಿಕೆ ತೆಗೆದುಕೊಂಡು ಮಲಗುವ ಕೋಣೆಗೆ ಹೋದಳಂತೆ. ಬಾಚಣಿಗೆಯನ್ನೂ ತೆಗೆದು ಕನ್ನಡಿಯ ಕೆಳಗಿಟ್ಟಳಂತೆ.

ಕಿಡಿಯಣ್ಣ ಬೋರಲು ಡಬ್ಬವನ್ನು ಎತ್ತಿಕೊಂಡು ಗ್ರಿಲ್ಲಿನ ಕಿಂಡಿಯ ಬಳಿ ಮತ್ತೆ ಕೂತ. ಕೆಂಡ ಬೂದಿಯೊಳಗೆ ಕಣ್ಣು ಮುಚ್ಚುತ್ತಿತ್ತು. ಮೇಲೆ ಕಿಟಕಿ ಅರ್ಧ ತೆರೆದಿತ್ತು. ಚಮಚದಲ್ಲಿ ನೀರು ತೆಗೆದು ತಗಡಿಗೆ ಬಿಟ್ಟ. ಚುಂಯ್. ಆಕಾಶದ ಬಣ್ಣ ಇಳಿಯುತ್ತಿತ್ತು. ಇನ್ನೊಂದು ಬಿಟ್ಟ, ಇದು ಸ್ವಲ್ಪ ನಿಧಾನ, ಸ್ವಲ್ಪ ಸಣ್ಣದು. ಹಾಗೇ ಒಂದೊಂದಾಗಿ ಬಿಡುತ್ತ ಹೋದ, ತಗಡು ಉತ್ತರ ಕೊಡುವುದನ್ನು ನಿಲ್ಲಿಸುವ ತನಕ. ಆಮೇಲೆ ಬಿದ್ದ ನೀರು ಅಲ್ಲೇ ಹನಿಯಾಗಿ ನಿಂತು, ಕೊನೆಯ ಕೆಂಡದ ಕೆಂಪನ್ನು ಒಳಗಿಟ್ಟುಕೊಂಡು ಹೊಳೆಯಿತು.

ಕಿಟಕಿಯಿಂದ ಒಂದು ಸದ್ದು ಬಂತು. ಅವನ ಮಂದ ಕಿವಿಗೂ ಸಲೀಸಾಗಿ ಕೇಳಿಸುವಷ್ಟು ದೊಡ್ಡದು. ಏರುತ್ತಿತ್ತು, ಮೇಲೆ ಹೋಗಿ ಸ್ವಲ್ಪ ತಡೆಯುತ್ತಿತ್ತು, ಶಟರ್ ಇಳಿದಂತೆ ಇಳಿಯುತ್ತಿತ್ತು. ಮೆಟ್ಟಿಲ ಮೇಲಿದ್ದ ತಮ್ಮ ತಲೆಯೆತ್ತಿದ.

"ಏನದು ಭಾವ? ಅಕ್ಕನದಾ ಗೊರಕೆ?"

"ಇಷ್ಟು ವರ್ಷ ನನ್ನದೇ ಅಂತಿದ್ಲು" ಎಂದ ಕಿಡಿಯಣ್ಣ, ಪಿಸುಮಾತಿನಲ್ಲಿ. ಆ ಹೊತ್ತಿಗೆ ಅವನಿಗೆ ಪಿಸುಮಾತು ಬರುತ್ತಿತ್ತು.